ಅಪರೂಪದ ಹಾವಿನ ಫೋಟೊ: ಹಾವಿಗೆ ತೊಂದರೆಯಾಗದಂತೆ ತೆಗೆಯುವುದು, ಅದರ ಉಳಿವಿಗೆ ಬಳಸುವುದು

2020ರಲ್ಲಿ ಹಿಮಾಚಲ ಪ್ರದೇಶದ ಚಂಬಾ ಸೀಮೆಯ ವಿದ್ಯಾರ್ಥಿಯೊಬ್ಬರು ತಾವು ತೆಗೆದ ಹಾವಿನ ಫೋಟೊ ಒಂದನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಿದರು. ಅದು ಸಂಶೋಧಕರ ಕಣ್ಣಿಗೆ ಬಿತ್ತು. ಮರುವರ್ಷ ಆ ಹಾವು ಒಲಿಗೊಡಾನ್ ಚುರಾಹೆನ್ಸಿಸ್ ಎಂಬ ಹೊಸ ಪ್ರಭೇದವಾಗಿ ದಾಖಲಾಯಿತು. ಚೀನಾದ ಮಾಂಗ್‌ಶಾನ್ ಗುಳಿಮಂಡಲ ಎಂಬ ವಿಷದ ಹಾವಿಗೆ ಆದದ್ದು ಬೇರೆ. 1990ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಹಸಿರು ಹಾವಿನ ಚೆಲುವೇ ಅದಕ್ಕೆ ಮುಳುವಾಯಿತು. ಹಾವು ಸಾಕುವವರ ಮಾರುಕಟ್ಟೆಗೆ ಅದು ಬೇಕಾಯಿತು, ಕಳ್ಳಬೇಟೆ ಶುರುವಾಯಿತು, 2013ರಲ್ಲಿ ಅದನ್ನು ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕಾಯಿತು.

ನೀವು ತೆಗೆಯುವ ಫೋಟೊ ಇವೆರಡರಲ್ಲಿ ಯಾವ ದಾರಿಗೂ ಹೋಗಬಹುದು. ಮೊದಲನೆಯದಕ್ಕೆ ಹೋಗಬೇಕೆಂದರೆ ಎರಡು ಮಾತು ಪಾಲಿಸಬೇಕು: ಹಾವು ಹೇಗಿತ್ತೋ ಹಾಗೆಯೇ ಚಿತ್ರಕ್ಕೆ ಸಿಗಬೇಕು, ಎಲ್ಲಿತ್ತು ಎಂಬುದು ಬೇಕಾದವರಿಗಷ್ಟೇ ಗೊತ್ತಾಗಬೇಕು. ಮುಂದಿರುವ ಲೆನ್ಸು, ಬೆಳಕು, ದೂರದ ಲೆಕ್ಕವೆಲ್ಲ ಈ ಎರಡಕ್ಕೆ ಒಳಪಟ್ಟದ್ದು.

ಹೊರಡುವ ಮೊದಲು

ಕಾಡಿಗೆ ಹೋಗಿ ಕಂಡದ್ದನ್ನು ತೆಗೆಯುತ್ತೇನೆ ಎಂದರೆ ಅಪರೂಪದ ಹಾವು ಸಿಗುವುದಿಲ್ಲ. ಆ ಪ್ರಭೇದ ಹಗಲು ಓಡಾಡುವುದೋ ರಾತ್ರಿಯೋ, ಮರ ಹತ್ತುವುದೋ ಮಣ್ಣಲ್ಲಿ ಹುದುಗುವುದೋ, ಏನು ತಿನ್ನುತ್ತದೆ, ಯಾವ ತಿಂಗಳಲ್ಲಿ ಕೂಡುತ್ತದೆ, ಮೊಟ್ಟೆ ಇಡುತ್ತದೋ ಮರಿ ಹಾಕುತ್ತದೋ, ಇಷ್ಟನ್ನು ಓದಿಕೊಂಡಿರಬೇಕು. ಹಾವು ತಣ್ಣೆತ್ತರಿನ ಪ್ರಾಣಿ. ತಂಪು ಪ್ರದೇಶದಲ್ಲಿ ಬೆಳಗಿನ ಎಳೆಬಿಸಿಲಿಗೆ ಮೈಯೊಡ್ಡಿ ಮಲಗಿದ ಒಂದೆರಡು ಗಂಟೆ ಅದನ್ನು ನೋಡಲು ಒಳ್ಳೆಯ ಹೊತ್ತು. ಬಿಸಿ ಪ್ರದೇಶದಲ್ಲಿ ಮಳೆ ನಿಂತ ಮೇಲಿನ ಸಂಜೆ, ರಾತ್ರಿಯ ಮೊದಲ ಜಾವ. ನೆತ್ತಿ ಸುಡುವ ಮಧ್ಯಾಹ್ನ ಅಲೆದರೆ ಬೆವರಷ್ಟೇ ಲಾಭ.

ರಕ್ಷಿತ ಪ್ರದೇಶಕ್ಕೆ ಕಾಲಿಡಲು, ರಾತ್ರಿ ಓಡಾಡಲು, ಫ್ಲ್ಯಾಶ್ ಬಳಸಲು ಅನುಮತಿ ಬೇಕೇ ಎಂದು ಅಲ್ಲಿನ ಅರಣ್ಯ ಅಧಿಕಾರಿಗಳನ್ನು ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಅನೇಕ ದೇಶಗಳಲ್ಲಿ ರಕ್ಷಿತ ಹಾವನ್ನು ಮುಟ್ಟುವುದು, ಓಡಿಸುವುದು, ಕೆಲವೆಡೆ ಅದಕ್ಕೆ ಅಡ್ಡಿಯಾಗುವುದು ಕೂಡ ಅಪರಾಧ. ಆ ಹಾವಿನ ಮೇಲೆ ಕೆಲಸ ಮಾಡುವ ಸಂಶೋಧಕರ ಜೊತೆ ಹೋಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಯಾವ ಚಿತ್ರ ಈಗಾಗಲೇ ಬೇಕಾದಷ್ಟಿದೆ, ಯಾವುದು ಇಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಬೂಟು, ಟ್ರೈಪಾಡ್ ಕಾಲು, ಮೊಣಕಾಲಿನ ಪ್ಯಾಡುಗಳನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಮಣ್ಣು ಹೋಗುವಂತೆ ಉಜ್ಜಿ ತೊಳೆದು, 70 ಶೇಕಡಾ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ಓಫಿಡಿಯೊಮೈಸಿಸ್ ಎಂಬ ಶಿಲೀಂಧ್ರ ಹಾವುಗಳ ಚರ್ಮಕ್ಕೆ ತಗಲಿ ಹುಣ್ಣು ಮಾಡುತ್ತದೆ. ಉತ್ತರ ಅಮೆರಿಕದಲ್ಲಿ ಹಲವು ಪ್ರಭೇದಗಳು ಇದರಿಂದ ನರಳಿವೆ. ಮಣ್ಣು ಒಣಗಿ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಆಲ್ಕೊಹಾಲ್ ಒಳಗಿಳಿಯುವುದಿಲ್ಲ. ಆದ್ದರಿಂದ ಮೊದಲು ನೀರು, ಆಮೇಲೆ ಔಷಧ.

ದೂರ

ಮಂಡಲದ ಜಾತಿಯ (ವೈಪರ್) ಹಾವು ಸಾಮಾನ್ಯವಾಗಿ ತನ್ನ ಮೈಯುದ್ದದ ಮೂರನೇ ಒಂದರಿಂದ ಅರ್ಧದಷ್ಟು ದೂರಕ್ಕೆ ಎರಗುತ್ತದೆ. ಸುರುಳಿ ಸುತ್ತಿ ಕೂತ ಹಾವಿನ ಉದ್ದವನ್ನು ಕಣ್ಣು ಯಾವಾಗಲೂ ಕಡಿಮೆ ಅಳೆಯುತ್ತದೆ, ಮೋಸ ಹೋಗುವುದು ಅಲ್ಲಿಯೇ. ಹಾಗಾಗಿ ಅಂದಾಜಿನ ಮೈಯುದ್ದದಷ್ಟು ಪೂರ್ತಿ ದೂರ ಬಿಡಿ. ವಿಷದ ಹಾವಾದರೆ, ಅದು ಎಷ್ಟೇ ಗಿಡ್ಡವಿರಲಿ, ಒಂದೂವರೆ ಮೀಟರ್‌ಗಿಂತ ಹತ್ತಿರ ಬೇಡ. ಕಾಳಿಂಗ ಸರ್ಪ ನಾಲ್ಕು ಮೀಟರ್ ಮೀರಿ ಬೆಳೆಯುತ್ತದೆ, ಮೈಯ ಮೂರನೇ ಒಂದು ಪಾಲು ಎತ್ತಿಕೊಂಡೇ ಮುಂದೆ ಸಾಗಬಲ್ಲದು. ಅದಕ್ಕೆ ಐದಾರು ಮೀಟರ್ ದೂರ ಬಿಟ್ಟರೂ ಕಡಿಮೆಯೇ. ಆಫ್ರಿಕಾ ಮತ್ತು ಆಗ್ನೇಯ ಏಷ್ಯಾದ ಉಗುಳುವ ನಾಗರಗಳು ಎರಡು ಮೀಟರ್ ಆಚೆಗೂ ವಿಷ ಚಿಮ್ಮಿಸುತ್ತವೆ. ಅವುಗಳ ಎದುರು ಸುತ್ತಲೂ ಮುಚ್ಚಿದ ರಕ್ಷಣಾ ಕನ್ನಡಕ ಇಲ್ಲದೆ ವ್ಯೂಫೈಂಡರ್‌ಗೆ ಕಣ್ಣಿಡಬೇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ, ಧಾರಾಳ ನೀರಿನಿಂದ 15–20 ನಿಮಿಷ ತೊಳೆಯುತ್ತ ಆಸ್ಪತ್ರೆಯತ್ತ ಹೊರಡಬೇಕು.

ಹಾವಿಗೆ ಬಿಟ್ಟುಕೊಟ್ಟ ದಾರಿಯೂ ಈ ಲೆಕ್ಕದಲ್ಲಿ ಸೇರಬೇಕು. ಅದರ ಬಿಲ, ಪೊದೆ ಅಥವಾ ಕಲ್ಲಿನ ಸಂದು ಎಲ್ಲಿದೆ ಎಂದು ಮೊದಲು ನೋಡಿ, ಆ ಕಡೆ ಹೋಗಿ ನಿಲ್ಲಬೇಡಿ. ಜನ ಸುತ್ತುವರಿದಾಗ ಹಾವು ಹೆದರಿ ತಿರುಗಿಬೀಳುತ್ತದೆ. ಒಂದು ಬದಿ ತೆರೆದಿದ್ದರೆ ಬಹುತೇಕ ಸುಮ್ಮನೆ ಹೋಗಿಬಿಡುತ್ತದೆ.

ಒಬ್ಬರೇ ಹೋಗಬೇಡಿ. ಒಬ್ಬರ ಕಣ್ಣು ಕ್ಯಾಮೆರಾದಲ್ಲಿದ್ದಾಗ ಇನ್ನೊಬ್ಬರ ಕಣ್ಣು ಹಾವಿನ ಮೇಲಿರಲಿ. ಕಾಲಿಗೆ ಎತ್ತರದ ಬೂಟು. ರಾತ್ರಿ ಕೈಯೂರುವ ಮೊದಲು ಟಾರ್ಚಿನಲ್ಲಿ ನೆಲ ನೋಡುವ ಅಭ್ಯಾಸ, ಏಕೆಂದರೆ ಕಚ್ಚುವುದು ಫೋಟೊ ತೆಗೆಯುತ್ತಿರುವ ಹಾವೇ ಆಗಬೇಕಿಲ್ಲ, ಪಕ್ಕದಲ್ಲಿ ಕಾಣದೆ ಕೂತಿರುವುದೂ ಆಗಬಹುದು. ವಿಷನಿರೋಧಕ ಇರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತು ಬೇಕು ಎಂದು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಕಚ್ಚಿದರೆ ಹಗ್ಗ ಬಿಗಿಯುವುದು, ಗಾಯ ಕುಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ ಸಾಗಿಸಿ. ಹಾವನ್ನು ಹಿಡಿದು ತರಬೇಕಾಗಿಲ್ಲ. ನಿಮ್ಮ ಕ್ಯಾಮೆರಾದಲ್ಲಿ ಅದರ ಚಿತ್ರ ಇದ್ದೇ ಇರುತ್ತದಲ್ಲ.

ಲೆನ್ಸು, ಫೋಕಸ್, ಬೆಳಕು

ಹಾವಿನ ಫೋಟೊ ಎಂದೊಡನೆ 100 ಮಿ.ಮೀ. ಮ್ಯಾಕ್ರೊ ಲೆನ್ಸ್ ಕೊಳ್ಳುವವರೇ ಹೆಚ್ಚು. ವಿಷವಿಲ್ಲದ ಚಿಕ್ಕ ಹಾವಿಗೆ ಅದು ಚೆನ್ನ. ಆದರೆ ಅಪರೂಪದ, ವಿಷವಿರುವ, ತೊಂದರೆ ಕೊಡಬಾರದ ಹಾವಿಗೆ 300 ಮಿ.ಮೀ. ಸುತ್ತಮುತ್ತಲಿನ, ಹತ್ತಿರಕ್ಕೂ ಫೋಕಸ್ ಆಗುವ ಟೆಲಿ ಲೆನ್ಸೇ ವಾಸಿ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಎರಡು ಮೀಟರ್ ದೂರದಿಂದ ಸುಮಾರು 16 ಸೆಂ.ಮೀ. ಅಗಲದ ಜಾಗ ಫ್ರೇಮ್ ತುಂಬುತ್ತದೆ. ಸುರುಳಿ ಸುತ್ತಿದ ಮಧ್ಯಮ ಗಾತ್ರದ ಗುಳಿಮಂಡಲಕ್ಕೆ ಅಷ್ಟು ಸಾಕು.

ಫೋಕಸ್ ಕಣ್ಣಿನ ಮೇಲೆ. ಇದರಲ್ಲಿ ರಿಯಾಯಿತಿ ಇಲ್ಲ. ಎಷ್ಟು ಆಳ ಸ್ಪಷ್ಟವಾಗುತ್ತದೆ ಎಂಬ ಲೆಕ್ಕ ತಲೆಯಲ್ಲಿರಲಿ: 100 ಮಿ.ಮೀ. ಲೆನ್ಸಿನಲ್ಲಿ ಒಂದು ಮೀಟರ್ ದೂರಕ್ಕೆ ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ (ಈ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಇಟ್ಟರೆ ಸುಮಾರು 5 ಸೆಂ.ಮೀ. ಆಳ ಸಿಗುತ್ತದೆ. ಅದೇ ಎಫ್/11ರಲ್ಲಿ, ಹಾವಿನ ತಲೆಯ ಅರ್ಧದಷ್ಟು ಗಾತ್ರದ ಬಿಂಬ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ ಬರೀ 4 ಮಿ.ಮೀ. ಉಳಿಯುತ್ತದೆ. ಮೂತಿ ಸ್ಪಷ್ಟ, ಕಣ್ಣು ಮಸುಕು ಎಂಬ ಚಿತ್ರಗಳು ಹುಟ್ಟುವುದು ಹೀಗೆ. ಎಫ್/22ಕ್ಕೆ ಇಳಿಸಿದರೆ ಆಳ ಸಿಕ್ಕರೂ ಡಿಫ್ರ್ಯಾಕ್ಷನ್‌ನಿಂದ, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದರಿಂದ, ಹುರುಪೆಗಳ ಅಂಚು ಮೆತ್ತಗಾಗುತ್ತದೆ. ಎಫ್/8ರಿಂದ ಎಫ್/16ರೊಳಗೆ ಇದ್ದುಕೊಂಡು, ಕ್ಯಾಮೆರಾದ ಹಿಂಬದಿಯನ್ನು ತಲೆಯ ಪಕ್ಕೆಗೆ ಸಮಾನಾಂತರವಾಗಿ ಹಿಡಿಯುವುದು ಹೆಚ್ಚು ಲಾಭದ ಕೆಲಸ. ಒಂದೇ ಬಿಂದುವಿನ ಆಟೊಫೋಕಸ್ ಇಡಿ. ಪ್ರಾಣಿಯ ಕಣ್ಣು ತಾನೇ ಗುರುತಿಸುವ ವ್ಯವಸ್ಥೆ ಹಾವಿನ ಮೈಮೇಲಿನ ಚುಕ್ಕೆಯನ್ನೇ ಕಣ್ಣೆಂದು ಹಿಡಿದುಬಿಡುವುದುಂಟು.

ನೆಲಮಟ್ಟಕ್ಕೆ ಇಳಿದು ತೆಗೆದ ಚಿತ್ರ ಹಾವಿಗೆ ಗೌರವ ಕೊಡುತ್ತದೆ, ಮೇಲಿಂದ ತೆಗೆದದ್ದು ಬರೀ ಗುರುತು ಹೇಳುತ್ತದೆ. ಆದರೆ ಹೊಟ್ಟೆ ಮೇಲೆ ಮಲಗಿದವರಿಗೆ ಬೇಗ ಹಿಂದೆ ಸರಿಯಲು ಆಗುವುದಿಲ್ಲ. ವಿಷದ ಹಾವಿನ ಮುಂದೆ ತಿರುಗುವ ಪರದೆಯ ಕ್ಯಾಮೆರಾವನ್ನು ಚಿಕ್ಕ ಟ್ರೈಪಾಡ್ ಮೇಲೆ ತಗ್ಗಿಸಿಟ್ಟು, ನೀವು ಕುಕ್ಕರಗಾಲಲ್ಲಿ ಕೂತು ರಿಮೋಟ್‌ನಿಂದ ಒತ್ತಿ.

ಬೆಳಕಿನಲ್ಲಿ ದೊಡ್ಡ ತಲೆನೋವು ಹುರುಪೆಗಳ ಹೊಳಪು. ಮೋಡ ಕವಿದ ಹಗಲು ಬೆಳಕೇ ಎಲ್ಲಕ್ಕಿಂತ ಒಳ್ಳೆಯದು, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಅಂಕಿ) 800 ಇಡಲು ಅಂಜಬೇಡಿ. ಲೆನ್ಸಿನ ಮುಂದೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿದರೆ ಹೊಳಪು ತಗ್ಗಿ ನಿಜಬಣ್ಣ ಬರುತ್ತದೆ, ಬದಲಿಗೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಳೆದುಕೊಳ್ಳುತ್ತೀರಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಮಣ್ಣಲ್ಲಿ ಹುದುಗುವ ಕೆಲವು ಹಾವುಗಳ ಮೈಮೇಲೆ ಆಡುವ ಕಾಮನಬಿಲ್ಲಿನ ಬಣ್ಣವೇ ಅವುಗಳ ಗುರುತು. ಪೋಲರೈಸರ್ ಅದನ್ನೂ ಅಳಿಸಬಹುದು, ಆದ್ದರಿಂದ ಅಲ್ಲಿ ತೆಗೆದಿಡಿ. ಕಪ್ಪು ಹಾವು ಫ್ರೇಮ್ ತುಂಬಿದಾಗ ಕ್ಯಾಮೆರಾ ಬೆಳಕು ಸಾಲದೆಂದು ಬಗೆದು ಹಾವನ್ನು ಬೂದು ಬಣ್ಣಕ್ಕೆ ತರುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ.

ಫ್ಲ್ಯಾಶ್ ಬೇಕೇ ಬೇಕಾದರೆ ಕ್ಯಾಮೆರಾ ತಲೆಯ ಮೇಲೆ ಅದನ್ನು ಇಡಬೇಡಿ. ಎರಡು ಮೀಟರ್ ದೂರದಿಂದ ಬೆಳಕನ್ನು ಮೆತ್ತಗಾಗಿಸುವ ಸಣ್ಣ ಡಿಫ್ಯೂಸರ್ ಇದ್ದರೂ ಇಲ್ಲದಂತೆಯೇ: ದೂರ ಹೆಚ್ಚಿದಷ್ಟೂ ಬೆಳಕಿನ ಮೂಲ ಚಿಕ್ಕದಾಗಿ ಕಂಡು, ಪ್ರತಿ ಹುರುಪೆಯ ಮೇಲೂ ಬಿಳಿ ಚುಕ್ಕೆ ಕೂರುತ್ತದೆ. 30–40 ಸೆಂ.ಮೀ. ಅಗಲದ ಡಿಫ್ಯೂಸರ್ ತೊಡಿಸಿದ ಫ್ಲ್ಯಾಶನ್ನು ಮಾನೊಪಾಡ್ ತುದಿಗೆ ಕಟ್ಟಿ, ಜೊತೆಗಾರರು ಬದಿಯಿಂದ, ಮೇಲಿನಿಂದ, ಹಾವಿಗೆ ಒಂದು ಮೀಟರ್ ಹತ್ತಿರಕ್ಕೆ ನಿಧಾನವಾಗಿ ಚಾಚಲಿ. ಶಟರ್ 1/200, ಐಎಸ್‌ಒ 200–400, ಎಫ್/11 ಅಲ್ಲಿಂದ ಆರಂಭಿಸಿ. ಹಿನ್ನೆಲೆ ಕಪ್ಪಾದರೆ ಶಟರನ್ನು 1/60ಕ್ಕೆ ಇಳಿಸಿ ಕಾಡಿನ ಬೆಳಕನ್ನೂ ಒಳಗೆ ಬಿಡಿ. ನಾಲಿಗೆ ಹೊರಚಾಚಿದ ಕ್ಷಣ ಬೇಕಿದ್ದರೆ ಫ್ಲ್ಯಾಶ್ ಶಕ್ತಿಯನ್ನು 1/8ಕ್ಕೋ ಅದಕ್ಕಿಂತ ಕೆಳಕ್ಕೋ ತನ್ನಿ, ಕಡಿಮೆ ಶಕ್ತಿಯಲ್ಲಿ ಮಿಂಚಿನ ಅವಧಿ ತೀರ ಚಿಕ್ಕದಾಗಿ ಚಲನೆ ನಿಲ್ಲುತ್ತದೆ. ಹಗಲು ಬೆಳಕಿನಲ್ಲಾದರೆ 1/1000. ಹಾವಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಿಕೊಳ್ಳಲು ಬರುವುದಿಲ್ಲ. ರಾತ್ರಿಯ ಹಾವಿಗೆ ಹತ್ತಕ್ಕಿಂತ ಹೆಚ್ಚು ಮಿಂಚು ಹೊಡೆಯುವ ಅಗತ್ಯ ಯಾವ ಚಿತ್ರಕ್ಕೂ ಇಲ್ಲ.

ಹಾವು ಏನು ಹೇಳುತ್ತಿದೆ ಎಂದು ಓದುವುದು

ನಾಲಿಗೆ ನಿಧಾನಕ್ಕೆ ಆಡುತ್ತಿದ್ದು, ಮೈ ಸಡಿಲವಾಗಿದ್ದರೆ ಹಾವು ನಿಮ್ಮನ್ನು ಸಹಿಸಿಕೊಂಡಿದೆ. ನಾಲಿಗೆ ಆಡುವುದು ತಟ್ಟನೆ ನಿಂತರೆ, ಕುತ್ತಿಗೆ ಇಂಗ್ಲಿಷಿನ ಎಸ್ ಆಕಾರಕ್ಕೆ ಮಡಿಸಿದರೆ, ಮೈ ಚಪ್ಪಟೆಯಾದರೆ, ಬಾಲ ತರಗೆಲೆಯ ಮೇಲೆ ಕಂಪಿಸಿದರೆ, ಬುಸುಗುಟ್ಟಿದರೆ, ತಲೆಯನ್ನು ಸುರುಳಿಯೊಳಗೆ ಹುದುಗಿಸಿದರೆ ನಿಮ್ಮ ಕಾಲ ಮುಗಿಯಿತು. ಬೆನ್ನು ತಿರುಗಿಸದೆ ಹಿಂದೆ ಸರಿಯಿರಿ.

ವಿಚಿತ್ರವೆಂದರೆ ಹೆಚ್ಚು ಮೆಚ್ಚುಗೆ ಗಳಿಸುವುದು ಇಂಥ ಚಿತ್ರಗಳೇ: ಹೆಡೆ ಎತ್ತಿ, ಬಾಯಿ ತೆರೆದು, ಎರಗಲು ಸಿದ್ಧವಾದ ಹಾವು. ಅದು ಹೆದರಿದ ಪ್ರಾಣಿಯ ಚಿತ್ರ. ಅದನ್ನು ಪಡೆಯಲು ಯಾರೋ ಕೆಣಕಿರುತ್ತಾರೆ, ನೋಡಿದವರಿಗೆ ಹಾವೆಂದರೆ ಕಚ್ಚುವುದು ಎಂಬ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಸಂರಕ್ಷಣೆಯ ಹೆಸರಲ್ಲಿ ಇಂಥ ಚಿತ್ರ ಹಾಕುವುದು ಕೈಯಾರೆ ಕೆಲಸ ಕೆಡಿಸಿಕೊಂಡಂತೆ.

ಕೆಲವು ಹಾವುಗಳನ್ನು ಕಂಡರೆ ಕ್ಯಾಮೆರಾ ಎತ್ತದೆ ಹಿಂದಿರುಗುವುದೇ ಸರಿ, ಅಥವಾ ದೂರದಿಂದ ಒಂದು ದಾಖಲೆ ಚಿತ್ರ ತೆಗೆದು ಹೊರಡುವುದು. ಕಣ್ಣು ಹಾಲುನೀಲಿಯಾಗಿದ್ದರೆ ಪೊರೆ ಬಿಡುವ ಹೊತ್ತು, ಸರಿಯಾಗಿ ಕಾಣದೆ ಅದು ಮೊದಲೇ ಗಾಬರಿಯಲ್ಲಿರುತ್ತದೆ. ಹೊಟ್ಟೆಯಲ್ಲಿ ಉಬ್ಬಿದ್ದರೆ ಈಗಷ್ಟೇ ಉಂಡಿದೆ. ಕೆಣಕಿದರೆ ತಿಂದದ್ದನ್ನು ಕಕ್ಕಿ ಓಡುತ್ತದೆ, ವಾರಗಟ್ಟಲೆಯ ಆಹಾರ ಹೋಯಿತು. ಬಸುರಿ ಹಾವು ಬಿಸಿಲು ಕಾಯಿಸುತ್ತಿದ್ದರೆ ಆ ಬಿಸಿಲು ಹೊಟ್ಟೆಯ ಮರಿಗಳಿಗೂ ಬೇಕು. ಪ್ರತಿ ಸಲ ಅದನ್ನು ನೆರಳಿಗೆ ಓಡಿಸಿದರೆ ಮರಿಗಳ ಬೆಳವಣಿಗೆ ಹಿಂದೆ ಬೀಳುತ್ತದೆ. ಚಳಿಗಾಲಕ್ಕೆ ಹಲವು ಹಾವುಗಳು ಒಟ್ಟಾಗಿ ಸೇರುವ ಬಿಲದ ಬಾಯಿಯನ್ನಂತೂ ಬಿಟ್ಟುಬಿಡಿ.

ಉಳಿದವುಗಳ ಬಳಿ ಹತ್ತು ನಿಮಿಷ. ಅಷ್ಟರಲ್ಲಿ ಸಿಕ್ಕದ ಚಿತ್ರ ಇಪ್ಪತ್ತು ನಿಮಿಷದಲ್ಲೂ ಸಿಗುವುದು ಕಡಿಮೆ.

ಮಾಡಬಾರದ್ದು, ಆದರೂ ನಡೆಯುವುದು

ಹಾವನ್ನು ಹಿಡಿದು ಚೀಲದಲ್ಲಿಟ್ಟು ಚೆಂದದ ಪಾಚಿಯ ಮೇಲೆ ಬಿಟ್ಟು ತೆಗೆಯುವುದು, ಟೋಪಿಯನ್ನೋ ಬೋಗುಣಿಯನ್ನೋ ಮುಚ್ಚಿ ಸುರುಳಿ ಸುತ್ತುವವರೆಗೆ ಕಾಯುವುದು, ಕೊಕ್ಕೆಯಲ್ಲಿ ಎತ್ತಿ ಕೊಂಬೆಗೆ ಹಾಕುವುದು, ಎಲ್ಲಕ್ಕಿಂತ ಕೆಟ್ಟದ್ದಾಗಿ ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು. ಇವೆಲ್ಲ ನಡೆಯುತ್ತಿವೆ. ಜಾಣ ಕಣ್ಣಿಗೆ ಸಿಕ್ಕಿಯೂ ಬೀಳುತ್ತವೆ: ನೆಲದ ಹಾವು ಮರದ ಮೇಲಿರುತ್ತದೆ, ರಾತ್ರಿಯ ಹಾವು ನಡುಹಗಲ ಬಿಸಿಲಲ್ಲಿ ಕೂತಿರುತ್ತದೆ. ಚಿತ್ರ ವಿಜ್ಞಾನಕ್ಕೂ ಬೇಡವಾಗುತ್ತದೆ, ಏಕೆಂದರೆ ಆವಾಸದ ಬಗ್ಗೆ ಅದು ಹೇಳುವುದು ಸುಳ್ಳು.

ಕಲ್ಲು ಮಗುಚಿ ಹುಡುಕುವುದು ಇನ್ನೊಂದು ಚಟ. ಆಸ್ಟ್ರೇಲಿಯದ ಸಿಡ್ನಿ ಸುತ್ತಲಿನ ಮರಳುಗಲ್ಲಿನ ಬಂಡೆಗಳ ಮೇಲೆ ಬದುಕುವ ಅಗಲತಲೆ ಹಾವು ತಂಪಿನ ತಿಂಗಳುಗಳಲ್ಲಿ ಬಂಡೆಯಿಂದ ಎದ್ದ ತೆಳು ಚಪ್ಪಡಿಗಳಡಿ ಇರುತ್ತದೆ. ಆ ಚಪ್ಪಡಿಗಳನ್ನು ಉದ್ಯಾನದ ಅಲಂಕಾರಕ್ಕೆ ಹೊತ್ತೊಯ್ದದ್ದೇ ಅದು ಅಳಿವಿನ ಅಂಚಿಗೆ ಬರಲು ಒಂದು ಮುಖ್ಯ ಕಾರಣ. ಒಯ್ಯಬೇಕೆಂದಿಲ್ಲ, ಮಗುಚಿ ಓರೆಯಾಗಿಟ್ಟರೂ ಸಾಕು: ಕೆಳಗಿನ ಸಂದಿನ ಅಳತೆ ಬದಲಾಗಿ, ಶಾಖ ಮತ್ತು ತೇವ ಬದಲಾಗಿ, ಹಾವಾಗಲಿ ಅದರ ಆಹಾರವಾದ ಹಲ್ಲಿಯಾಗಲಿ ಮರಳಿ ಬರುವುದಿಲ್ಲ. ಅಪರೂಪದ ಹಾವಿನ ನೆಲೆಯಲ್ಲಿ ಕಲ್ಲು, ಕೊಳೆತ ದಿಮ್ಮಿ, ಹುತ್ತ ಮುಟ್ಟಬೇಡಿ.

ಗುರುತಿಗೆ ಬೇಕಾದ ಚಿತ್ರಗಳು

ಚೆಲುವಿನ ಒಂದು ಚಿತ್ರ ಸಾಮಾನ್ಯರಿಗೆ. ಸಂಶೋಧಕರಿಗೆ ಬೇಕಾದದ್ದು ಬೇರೆ, ಮತ್ತು ಅದು ಹಾವು ತಾನಾಗಿ ಹೊರಳಿದಂತೆ ಸಿಗುವಷ್ಟು ಮಾತ್ರ. ಮೊದಲು ಇಡೀ ಮೈ, ತಲೆಯಿಂದ ಬಾಲದ ತುದಿವರೆಗೆ. ಆಮೇಲೆ ತಲೆಯ ಪಕ್ಕ: ತುಟಿಯ ಹುರುಪೆಗಳು ಎಷ್ಟು, ಅವುಗಳಲ್ಲಿ ಯಾವುವು ಕಣ್ಣಿಗೆ ತಾಗುತ್ತವೆ, ಕಣ್ಣು ಮತ್ತು ಮೂಗಿನ ನಡುವೆ ಹುರುಪೆ ಇದೆಯೇ, ಶಾಖ ಗ್ರಹಿಸುವ ಗುಳಿ ಇದೆಯೇ ಎಂದು ಎಣಿಸಿ ನೋಡುವಷ್ಟು ಸ್ಪಷ್ಟವಾಗಿ. ತಲೆಯನ್ನು ನೇರ ಮೇಲಿಂದ ಒಂದು. ಮೈಯ ನಡುಭಾಗ ಮೇಲಿಂದ, ಹುರುಪೆ ಸಾಲು ಎಣಿಸಲು, ಪ್ರತಿ ಹುರುಪೆಯ ನಡುವೆ ಉಬ್ಬಿದ ಏಣು ಇದೆಯೋ ನುಣುಪೋ ತಿಳಿಯಲು. ಬಾಲ. ಹೊಟ್ಟೆಯ ಕಡೆ ಕಾಣಲು ಹಾವನ್ನು ಮಗುಚಬೇಡಿ. ಮರದ ಮೇಲಿದ್ದರೆ ಕೆಳಗಿನಿಂದ ತಾನಾಗಿ ಕಾಣುತ್ತದೆ, ಇಲ್ಲದಿದ್ದರೆ ಬಿಡಿ.

ಅನೇಕ ಮಂಡಲದ ಹಾವುಗಳಲ್ಲಿ ತಲೆ ಮೇಲಿನ ಗುರುತು ಒಂದೊಂದಕ್ಕೂ ಬೇರೆ. ಯುರೋಪಿನ ಆಡರ್ ಹಾವುಗಳನ್ನು ಹಿಡಿಯದೆ, ಮೈಗೆ ಗುರುತು ಹಾಕದೆ, ಬರೀ ತಲೆಯ ಫೋಟೊ ನೋಡಿ ಒಂದೊಂದನ್ನೂ ಗುರುತಿಸಿ ಎಣಿಸುತ್ತಾರೆ. ಹಾಗಾಗಿ ನೇರ ಮೇಲಿನಿಂದ ತೆಗೆದ ಆ ಸಪ್ಪೆ ಚಿತ್ರವೇ ಮುಂದೊಂದು ದಿನ ಎಣಿಕೆಗೆ ಬರಬಹುದು.

ಉದ್ದ ತಿಳಿಯಲು ಅಳತೆಪಟ್ಟಿಯನ್ನು ಹಾವಿನ ಪಕ್ಕ ಇಡಬೇಡಿ. ಅದು ಹೋದ ಮೇಲೆ, ಕ್ಯಾಮೆರಾ ಅಲುಗಿಸದೆ, ಅದಿದ್ದ ಜಾಗದಲ್ಲಿ ಪಟ್ಟಿಯನ್ನೂ ಬಣ್ಣ ಸರಿಹೊಂದಿಸಲು ಬಳಸುವ ಬೂದು ಕಾರ್ಡನ್ನೂ ಇಟ್ಟು ಇನ್ನೊಂದು ಚಿತ್ರ ತೆಗೆಯಿರಿ. ಉದ್ದವೂ ಸಿಗುತ್ತದೆ, ನಿಜಬಣ್ಣವೂ ಸಿಗುತ್ತದೆ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಕಡತದಲ್ಲೇ ತೆಗೆಯಿರಿ. ಆವಾಸದ ಚಿತ್ರ, ಅಂದರೆ ನೆಲ, ಗಿಡ, ನೀರು, ಮೇಲಿನ ಹಸಿರು ಛಾವಣಿ, ಇದನ್ನು ಬಹಳ ಜನ ಮರೆಯುತ್ತಾರೆ. ಉಳಿಸಬೇಕಾದ್ದು ಅದನ್ನೇ ಆದ್ದರಿಂದ ಕಡೆಯ ಪಕ್ಷ ಮೂರು ಚಿತ್ರ ಅದಕ್ಕೆ ಮೀಸಲಿಡಿ.

ಕ್ಯಾಮೆರಾ ಟ್ರ್ಯಾಪ್ ಬಗ್ಗೆ ಒಂದು ಮಾತು. ಸಾಮಾನ್ಯ ಟ್ರ್ಯಾಪ್ ಪ್ರಾಣಿಯ ಮೈಶಾಖ ಸುತ್ತಲಿಗಿಂತ ಬೇರೆಯಾಗಿದ್ದರೆ ಮಾತ್ರ ಎಚ್ಚರಗೊಳ್ಳುತ್ತದೆ. ಹಾವಿನ ಮೈ ನೆಲದಷ್ಟೇ ಬೆಚ್ಚಗಿರುವುದರಿಂದ ಅದು ಮುಂದೆ ಹರಿದುಹೋದರೂ ಟ್ರ್ಯಾಪ್ ಮಲಗಿಯೇ ಇರುತ್ತದೆ. ನಿಗದಿತ ಅಂತರಕ್ಕೆ, ಉದಾಹರಣೆಗೆ 30 ಸೆಕೆಂಡಿಗೊಂದು, ಚಿತ್ರ ತೆಗೆಯುವಂತೆ ಹೊಂದಿಸಿ. ಅಥವಾ ಅಡ್ಡ ಹಾಯುವ ಕಿರಣ ಕಡಿದಾಗ ಒತ್ತುವ ಟ್ರಿಗರ್ ಬಳಸಿ.

ಜಾಗ ಮುಚ್ಚಿಡುವುದು

ಜಾಗ ಗುರುತಿಸುವ ಆಯ್ಕೆ ಆನ್ ಇದ್ದರೆ ಮೊಬೈಲ್ ಪ್ರತಿ ಚಿತ್ರದೊಳಗೂ ಜಿಪಿಎಸ್ ಅಂಕಿ ಬರೆದಿಡುತ್ತದೆ. ಮೂಲ ಕಡತದಲ್ಲಿ ಅದಿರಲಿ, ಸಂಶೋಧಕರಿಗೆ ಬೇಕು. ಹೊರಗೆ ಹೋಗುವ ಪ್ರತಿಯಿಂದ ಅಳಿಸಿ. ಅಳಿಸಿದರೂ ಚಿತ್ರವೇ ಬಾಯಿಬಿಡುತ್ತದೆ: ಹಿನ್ನೆಲೆಯ ಗುಡ್ಡದ ಗೆರೆ, ರಸ್ತೆಯ ಕಿಲೋಮೀಟರ್ ಕಲ್ಲು, ಸೇತುವೆ. ಹಾಕುವ ಮೊದಲು ಫ್ರೇಮಿನ ಅಂಚುಗಳನ್ನು ಹಾವು ಕದ್ದು ಮಾರುವವನ ಕಣ್ಣಿಂದ ನೋಡಿ. ಕೆಲವು ವಾರ, ಸಾಧ್ಯವಾದರೆ ಆ ಋತು ಮುಗಿಯುವವರೆಗೆ ತಡೆದು ಹಾಕಿ. ದೇಶ ಅಥವಾ ಪರ್ವತಶ್ರೇಣಿಯ ಹೆಸರು ಹೇಳಿದರೆ ಸಾಕು. ಗುಂಪಿನಲ್ಲಿ ಹೋಗಿದ್ದರೆ ಎಲ್ಲರೂ ಇದಕ್ಕೆ ಮೊದಲೇ ಒಪ್ಪಿರಬೇಕು. ಒಬ್ಬರು ಆ ಸಂಜೆಯೇ ಊರಿನ ಹೆಸರು ಹಾಕಿದರೆ ಉಳಿದವರ ಎಚ್ಚರ ವ್ಯರ್ಥ.

ಜನ ತಾವು ಕಂಡ ಜೀವಿಗಳ ಚಿತ್ರ ಹಾಕುವ ಐನ್ಯಾಚುರಲಿಸ್ಟ್ ಜಾಲತಾಣ ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ತಾನೇ ಮಸುಕು ಮಾಡಿ, 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದೆಡೆ ತೋರಿಸುತ್ತದೆ. ಸಮಭಾಜಕದ ಬಳಿ ಆ ಚೌಕದ ಬದಿ ಸುಮಾರು 22 ಕಿ.ಮೀ. ಪಟ್ಟಿಯಲ್ಲಿಲ್ಲದ, ಆದರೆ ಅಪರೂಪವೆಂದು ನಿಮಗೆ ಗೊತ್ತಿರುವ ಹಾವಿಗೆ ಈ ಆಯ್ಕೆಯನ್ನು ನೀವೇ ಹಾಕಬೇಕು. ಇಲ್ಲೊಂದು ತೂತಿದೆ. ಅದೇ ದಿನ, ಅದೇ ಜಾಗದಲ್ಲಿ ಕಂಡ ಕಪ್ಪೆಯನ್ನೋ ಚಿಟ್ಟೆಯನ್ನೋ ನಿಖರ ಜಾಗದೊಡನೆ ಹಾಕಿದರೆ, ಹಾವೆಲ್ಲಿತ್ತು ಎಂದು ಹೊಂದಿಸಿ ನೋಡುವುದು ಕಷ್ಟವಲ್ಲ. ಆ ದಿನದ ಎಲ್ಲವನ್ನೂ ಮಸುಕಾಗಿಡಿ.

ಅಡಿಬರಹ, ಮತ್ತು ಚಿತ್ರ ಯಾರಿಗೆ

ಪ್ರಭೇದದ ಹೆಸರು, ಐಯುಸಿಎನ್ (ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ) ಸಂಸ್ಥೆಯ, ಅಳಿವಿನ ಅಪಾಯ ಅಳೆಯುವ ಕೆಂಪು ಪಟ್ಟಿಯಲ್ಲಿ ಅದರ ಸ್ಥಾನ, ಚಿತ್ರದಲ್ಲಿ ಅದು ಏನು ಮಾಡುತ್ತಿದೆ, ಯಾವುದರಿಂದ ಅಪಾಯದಲ್ಲಿದೆ, ಹಾವನ್ನು ಮುಟ್ಟಿಲ್ಲ ಎಂಬ ಒಂದು ಸಾಲು. ಕೊಲೆಗಡುಕ, ಯಮದೂತ ಎಂಬ ಮಾತು ಬೇಡ. ಅದೇ ವೇಳೆ ವಿಷದ ಹಾವನ್ನು ಮುದ್ದಿನ ಪ್ರಾಣಿಯಂತೆ ತೋರಿಸುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಚ್ಚಿ ಸಾಯುತ್ತಾರೆ. ಆ ಭಯ ಹುಸಿಯಲ್ಲ, ಅದನ್ನು ಹಗುರವಾಗಿ ಕಂಡ ಚಿತ್ರವನ್ನು ಹಾವಿನ ಜೊತೆ ಬದುಕುವ ಜನ ನಂಬುವುದಿಲ್ಲ.

ಕಾರಣ ತೋರಿಸುವ ಚಿತ್ರ ಹಾವಿನ ಚಿತ್ರಕ್ಕಿಂತ ಹೆಚ್ಚು ಕೆಲಸ ಮಾಡುವುದುಂಟು. ಕೆರಿಬಿಯನ್ನಿನ ಆಂಟಿಗುವಾ ರೇಸರ್ ಹಾವು 1995ರಲ್ಲಿ ಒಂದು ಪುಟ್ಟ ದ್ವೀಪದಲ್ಲಿ ಸುಮಾರು 50 ಮಾತ್ರ ಉಳಿದಿತ್ತು. ಹೊರಗಿನಿಂದ ಬಂದ ಇಲಿಗಳನ್ನು ನಿರ್ಮೂಲ ಮಾಡಿ, ಪಕ್ಕದ ದ್ವೀಪಗಳಿಗೂ ಹಾವುಗಳನ್ನು ಬಿಟ್ಟ ಮೇಲೆ ಸಂಖ್ಯೆ ಸಾವಿರ ದಾಟಿತು. ಅಂಥ ಕಡೆ ಇಲಿ ಕಡಿದ ಗಾಯದ ಬಾಲ, ಇಲಿ ಇಲ್ಲದ ದಡ, ಕೆಲಸ ಮಾಡಿದ ಜನ ಇವೆಲ್ಲವೂ ಸರಣಿಯಲ್ಲಿ ಸೇರಬೇಕು. ರಸ್ತೆ, ಬೆಂಕಿ, ಕಲ್ಲುಗಣಿ ಅಪಾಯವಾಗಿದ್ದರೆ ಅದರ ಚಿತ್ರವನ್ನೂ ತೆಗೆಯಿರಿ.

ನಿಖರ ಜಾಗ, ದಿನ, ಗಂಟೆ, ಗಾಳಿಯ ಮತ್ತು ನೆಲದ ಉಷ್ಣಾಂಶ, ಎತ್ತರ, ಹಾವಿನ ನಡವಳಿಕೆ ಇವನ್ನು ಅಂದೇ ರಾತ್ರಿ ಬರೆದಿಡಿ. ಮೂಲ ಕಡತಗಳ ಜೊತೆ ಅದನ್ನು ಆ ಪ್ರದೇಶದ ಅರಣ್ಯ ಇಲಾಖೆಗೆ, ಆ ಹಾವಿನ ಮೇಲೆ ಕೆಲಸ ಮಾಡುವ ಸಂಶೋಧಕರಿಗೆ, ಮಂಡಲದ ಜಾತಿಯಾದರೆ ಐಯುಸಿಎನ್‌ನ ವೈಪರ್ ತಜ್ಞರ ಗುಂಪಿಗೆ ನೇರವಾಗಿ ಕಳಿಸಿ. ಜಾಗದ ವಿವರ ಯಾರಿಗೆಲ್ಲ ಕೊಟ್ಟಿದ್ದೀರಿ ಎಂಬ ಪಟ್ಟಿ ನಿಮ್ಮ ಬಳಿ ಇರಲಿ. ಚಿತ್ರ ಕೇಳಿ ಬರುವವರಲ್ಲಿ ಜಾಗದ ಬಗ್ಗೆ ಹೆಚ್ಚು, ಹಾವಿನ ಬಗ್ಗೆ ಕಡಿಮೆ ಕೇಳುವವರಿಗೆ ಉತ್ತರ ಕೊಡಬೇಕಾಗಿಲ್ಲ.